ಕರಿ ಪಾಳಯದ ಬಿಳಿ ಮಂತ್ರಿ

ನಾನು ಚದುರಂಗದ ಮಂತ್ರಿ. ಹುಟ್ಟಿದ್ದು ಕಲಘಟಗಿಯಲ್ಲಿ, ತೊಟ್ಟಿಲು ಮಾಡುವ ಮೌನೇಶಪ್ಪ ಬಡಿಗೇರನ ಕೈಯಲ್ಲಿ. ಯಾರದೋ ಚೊಚ್ಚಲ ಕೂಸಿಗೆಂದು ಕಡೆದ ತೊಟ್ಟಿಲಿನ ಕಾಲಿನಲ್ಲಿ ಗೇಣುದ್ದದ ತುಂಡು ಮಿಕ್ಕಿತ್ತು. ಆ ತುಂಡಿನಲ್ಲೇ ನಾನೂ ನಮ್ಮ ರಾಜನೂ ಹುಟ್ಟಿದೆವು. ಮೌನೇಶಪ್ಪನಿಗೆ ತೊಟ್ಟಿಲು ಗೊತ್ತು, ಲಟ್ಟಣಿಗೆ ಗೊತ್ತು, ಚದುರಂಗ ಮಾತ್ರ ಗೊತ್ತಿರಲಿಲ್ಲ. ಕಾಯಿ ಮಾಡಿಸಲು ಬಂದ ಗಿರಾಕಿ ಗದಗಿನ ಚಂಬಣ್ಣ, ಹತ್ತಿ ಜಿನ್ನಿನಲ್ಲಿ ಯಂತ್ರ ನೋಡಿಕೊಳ್ಳುವ ಮಿಸ್ತ್ರಿ. ಅವನು ಮಾದರಿ ಕಾಯಿಯನ್ನೂ ತಂದಿರಲಿಲ್ಲ, ಎಲ್ಲವನ್ನೂ ಬಾಯಲ್ಲೇ ಹೇಳಿದ.

"ಮಂತ್ರಿ ಅಂದ್ರ ತಲಿಮ್ಯಾಲ ರುಮಾಲ ಇರಬೇಕಲ್ರಿ?" ಎಂದು ಕೇಳಿದ ಮೌನೇಶಪ್ಪ.

"ಇರ್ಲಿ ಬಿಡಪಾ. ಮಂತ್ರಿ ಅಂದಮ್ಯಾಲ ಚಲೋ ದೊಡ್ಡ ರುಮಾಲನ ಇರ್ಲಿ!"

ಹೀಗಾಗಿ ನನ್ನ ತಲೆಯ ಮೇಲೆ ದೊಡ್ಡದೊಂದು ರುಮಾಲು ಬಂತು. ರುಮಾಲಿಗೆ ಒಪ್ಪುವಂತೆ ಒಂದಿಷ್ಟು ಹೊಟ್ಟೆಯೂ ಬಂತು. ಬೇರೆ ಕಡೆ ನನ್ನ ಜಾಗದಲ್ಲಿ ನಿಲ್ಲುವವಳನ್ನು ರಾಣಿ ಎನ್ನುತ್ತಾರಂತೆ. ಅನ್ನಲಿ, ನನಗೇನೂ ಹೊಟ್ಟೆಕಿಚ್ಚಿಲ್ಲ. ಮೈಗೆ ಹಳದಿ ಬೆರೆತ ಬಿಳಿ ಅರಗು ಹಚ್ಚಿಸಿಕೊಂಡು ನಾವು ಬಿಳಿಯರು ಚೀಲ ಸೇರಿದೆವು. ಕರಿ ಅರಗಿನವರು ಇನ್ನೊಂದು ಚೀಲ ಸೇರಿದರು. ಬಸ್ಸಿನಲ್ಲಿ ಗದಗಿಗೆ ಬರುವಷ್ಟರಲ್ಲೇ ನಮ್ಮ ನಮ್ಮಲ್ಲಿ ವೈರ ಬೆಳೆದಿತ್ತು.

ಚಂಬಣ್ಣನ ಹೆಂಡತಿ ಬೇಗ ತೀರಿಕೊಂಡಿದ್ದಳು. ಮನೆಯಲ್ಲಿದ್ದದ್ದು ಮಗ ಸಂಗಣ್ಣ, ಮಗಳು ದ್ರಾಕ್ಷಾಯಣಿ. ಅಪ್ಪ ಇಬ್ಬರನ್ನೂ ಆಟಕ್ಕೆ ಕೂರಿಸಿದ. ಸಂಗಣ್ಣ ಬಂಗಾರದಂಥ ಹುಡುಗ, ಆದರೆ ಕುದುರೆ ಯಾಕೆ ಸೊಟ್ಟಗೆ ನಡೆಯುತ್ತದೆ ಎಂದು ಕೇಳಿ, ಉತ್ತರ ಮನಸ್ಸಿಗೆ ಒಪ್ಪದೆ ಎದ್ದು ಹೋದವನು ಜನ್ಮದಲ್ಲಿ ಮತ್ತೆ ಹಲಗೆಯ ಮುಂದೆ ಕೂರಲಿಲ್ಲ. ದ್ರಾಕ್ಷಾಯಣಿ ಕೂತಳು ನೋಡಿ, ಏಳಲೇ ಇಲ್ಲ. ನನ್ನನ್ನು ಕಳೆದುಕೊಂಡಾಗಲೆಲ್ಲ ಮನೆಯ ಸೂರು ಹಾರಿಹೋಗುವಂತೆ ಅಳುತ್ತಿದ್ದಳು. ಅದಕ್ಕೇ ಚಂಬಣ್ಣ ಒಂದು ಕಾಯಿದೆ ಮಾಡಿದ: ಎದುರಿನವರ ಮಂತ್ರಿಯ ಮೇಲೆ ಏರಿ ಹೋಗುವಾಗ "ಮಂತ್ರಿ ಜ್ವಾಕಿ" ಎಂದು ಹೇಳಲೇಬೇಕು. ಜೋಪಾನ ಎನ್ನುವುದಕ್ಕೆ ನಮ್ಮ ಕಡೆ ಜ್ವಾಕಿ ಎನ್ನುತ್ತಾರೆ. ಜಗತ್ತೆಲ್ಲ ಹೀಗೇ ಆಡುತ್ತದೆಂದು ತಿಳಿದು ಆ ಹುಡುಗಿ ಬೆಳೆದಳು.

ಚಂಬಣ್ಣನ ಆಟವೆಂದರೆ ಆಟ! ಅವನಿಗೆ ಉಳಿಸಿಕೊಳ್ಳುವುದು ಗೊತ್ತಿರಲಿಲ್ಲ, ಕೊಡುವುದು ಗೊತ್ತಿತ್ತು. "ಹಿಡಕೊಂಡು ಕುಂತಾವ ಸೋತ, ಕೊಟ್ಟಾವ ಗೆದ್ದ" ಎನ್ನುತ್ತ ಪ್ಯಾದೆ ಕೊಡುತ್ತಿದ್ದ, ಒಂಟೆ ಕೊಡುತ್ತಿದ್ದ, ಕೊನೆಗೆ ನನ್ನನ್ನೂ ಕೊಡುತ್ತಿದ್ದ. ಒಮ್ಮೆ ಪೋಸ್ಟ್ ಮಾಸ್ತರ ಹಣಮಂತರಾಯರ ಕರಿ ರಾಜ ಮೂಲೆಯಲ್ಲಿ ತನ್ನ ಪ್ಯಾದೆಗಳ ಹಿಂದೆ ಬೆಚ್ಚಗೆ ಕುಳಿತಿದ್ದ. ಚಂಬಣ್ಣ ನನ್ನನ್ನೆತ್ತಿ ಆ ರಾಜನ ಮಗ್ಗುಲಿಗೇ ಇಟ್ಟುಬಿಟ್ಟ. ನನ್ನ ಬೆನ್ನಿಗೆ ನಮ್ಮ ಕುದುರೆಯ ಕಾವಲಿದ್ದುದರಿಂದ ರಾಜ ನನ್ನನ್ನು ಮುಟ್ಟುವಂತಿರಲಿಲ್ಲ. ಅವರ ಆನೆಯೇ ಬಂದು ನನ್ನನ್ನು ಹೊಡೆಯಬೇಕಾಯಿತು. ಮಾಸ್ತರರು ನನ್ನನ್ನು ಮುಷ್ಟಿಯಲ್ಲಿ ಹಿಡಿದು ಕುಣಿದರು. ಅವರ ಕುಣಿತ ಮುಗಿಯುವ ಮುಂಚೆ ನಮ್ಮ ಕುದುರೆ ಜಿಗಿದು ಶಹಾ ಕೊಟ್ಟಿತು. ರಾಜನ ಮೂರೂ ಕಡೆ ಅವನದೇ ಮಂದಿ, ಹೊರಡಲು ಸಂದಿಯಿಲ್ಲ. ಮಾತ್, ಆಟ ಮುಗಿಯಿತು!

"ಮಂತ್ರಿ ಸಿಕ್ತು ಅಂತ ಪೇಡೆ ತರಸಾಕ ಹೊಂಟಿದ್ದೆಲ್ಲೋ ಚಂಬಣ್ಣ!" ಎಂದು ಮಾಸ್ತರರು ತಲೆಯ ಮೇಲೆ ಕೈ ಹೊತ್ತು ಕೂತರು.

ಮೊದಮೊದಲು ನನಗೆ ಅವಮಾನವಾಗುತ್ತಿತ್ತು. ಇಷ್ಟು ದೊಡ್ಡ ರುಮಾಲಿನ ಮಂತ್ರಿಯನ್ನು ಕಡಲೆಬೀಜ ಕೊಟ್ಟಂತೆ ಕೊಡುವುದೇ? ಬರಬರುತ್ತ ಅಭ್ಯಾಸವಾಯಿತು, ಆಮೇಲೆ ಹೆಮ್ಮೆಯೂ ಆಯಿತು. ನಾನು ಸತ್ತ ಆಟಗಳಲ್ಲೇ ನಮ್ಮವರು ಹೆಚ್ಚು ಗೆಲ್ಲುತ್ತಿದ್ದರು.

ಸಂಗಣ್ಣನಿಗೆ ರೋಣದ ಕಡೆಯ ಹೆಣ್ಣು ತಂದರು. ಹೆಸರು ಮಹಾನಂದಾ. ಹೆಸರಿನಲ್ಲಿದ್ದ ಆನಂದ ಬಾಯಿಯವರೆಗೆ ಬಂದಿರಲಿಲ್ಲ. ಏನು ಕೇಳಿದರೂ "ಹೂಂರಿ", ಮತ್ತೆ ಕೇಳಿದರೆ ತಲೆಯಾಡಿಸುವುದು. ಚಂಬಣ್ಣನಿಗೆ ಇದು ಸಂಕಟಕ್ಕೆ ಬಂತು. "ಯವ್ವಾ, ಈ ಮನ್ಯಾಗ ಮಾತಾಡಿದ್ರ ಕಂದಾಯ ಹಾಕೂದಿಲ್ಲ" ಎಂದು ನಗಿಸಲು ನೋಡಿದ. ಅವಳು ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು. ಕೊನೆಗೆ ಅವಳನ್ನೂ ಹಲಗೆಯ ಮುಂದೆ ಕೂರಿಸಿದ. ದ್ರಾಕ್ಷಾಯಣಿ ಪಕ್ಕದಲ್ಲಿ ಕೂತು ನಡೆ ಹೇಳಿಕೊಟ್ಟಳು. ಒಂದು ಮಧ್ಯಾಹ್ನ ಕರಿ ಒಂಟೆ ದೂರದ ಮೂಲೆಯಿಂದ ನನ್ನನ್ನು ಗುರಿಯಿಟ್ಟು ನಿಂತಿತು. ಕೇಳಿಸಿತೋ ಇಲ್ಲವೋ ಎನ್ನುವಂಥ ಸಣ್ಣ ದನಿಯೊಂದು ಬಂತು.

"ಮಂತ್ರಿ ಜ್ವಾಕಿ, ಮಾವಾರ."

ಚಂಬಣ್ಣ ತೊಡೆ ತಟ್ಟಿಕೊಂಡು ಎದ್ದ. "ಮಾತಾಡಿದ್ಲೋ ಸಂಗ್ಯಾ! ನಿನ್ನ ಹೇಣ್ತಿ ಮಾತಾಡಿದ್ಲೋ!" ಅವನು ಓಣಿಗೆಲ್ಲ ಕೇಳುವಂತೆ ಕೂಗಿದ. ಆ ಗದ್ದಲದಲ್ಲಿ ನನ್ನನ್ನು ಉಳಿಸಿಕೊಳ್ಳುವುದನ್ನೇ ಮರೆತ.

ಅಲ್ಲಿಂದ ಅತ್ತಿಗೆ ನಾದಿನಿ ಇಬ್ಬರೂ ಒಂದೇ ಕುಪ್ಪಸದ ಎರಡು ತೋಳಿನ ಹಾಗಾದರು. ದಿನಾ ಮಧ್ಯಾಹ್ನ ಮೊರದಲ್ಲಿ ತೊಗರಿಬೇಳೆ ಆರಿಸುತ್ತ ಆಡುತ್ತಿದ್ದರು. ದ್ರಾಕ್ಷಾಯಣಿ ಅಪ್ಪನ ಮಗಳು, ಕೊಟ್ಟು ನುಗ್ಗುವವಳು. ಮಹಾನಂದಾ ಒಂದು ಪ್ಯಾದೆಯನ್ನೂ ಪುಕ್ಕಟೆ ಬಿಟ್ಟವಳಲ್ಲ. ಒಂದೊಂದೇ ಬಾಗಿಲಿನ ಅಗಳಿ ಹಾಕಿಕೊಂಡು ಬಂದು, ಕೊನೆಗೆ ನಾನು ಒಳಗೇ ಉಳಿಯುವಂತೆ ಮಾಡುತ್ತಿದ್ದಳು. ಪುಸ್ತಕದಲ್ಲಿ ಬಲಿ ಬೇರೆ, ಬಲೆ ಬೇರೆ. ಗದಗಿನ ಬಾಯಲ್ಲಿ ಎರಡೂ ಬಲಿಯೇ. ನಾದಿನಿಯ ಕೈಯಲ್ಲಿ ಒಂದು ಬಲಿ, ಅತ್ತಿಗೆಯ ಕೈಯಲ್ಲಿ ಇನ್ನೊಂದು ಬಲಿ, ಹೀಗೆ ನನ್ನ ಪ್ರಾಯ ಕಳೆಯಿತು.

ದ್ರಾಕ್ಷಾಯಣಿಯನ್ನು ಜೋಡಿ ಊರು ಬೆಟಗೇರಿಗೇ ಕೊಟ್ಟರು. ಗಂಡನದು ಸೀರೆಯ ಅಂಗಡಿ. ಕಳಿಸಿಕೊಡುವ ದಿನ ಚಂಬಣ್ಣ ಬಿಳಿ ಕಾಯಿಗಳ ಚೀಲ ತಂದು ಮಗಳ ಉಡಿಗೆ ಹಾಕಿದ.

"ಬಿಳೀವು ನಿನಗ. ಕರೀವು ನಿಮ್ಮ ವೈನಿಗೆ. ಹಲಗಿ ಇಲ್ಲೇ ಇರ್ತೈತಿ. ಆಟಾ ಬೇಕಂದ್ರ ತವರಿಗೆ ಬರಬೇಕು ನೋಡವಾ" ಎಂದ. ವೈನಿ ಎಂದರೆ ನಮ್ಮ ಕಡೆ ಅತ್ತಿಗೆ.

ಬೀಗರು ನಕ್ಕರು. ಅರ್ಧ ಚದುರಂಗ ಕೊಟ್ಟು ಮಗಳನ್ನು ಕಳಿಸಿದವರನ್ನು ಅವರು ಎಲ್ಲಿಯೂ ಕಂಡಿರಲಿಲ್ಲ. ನಗುವವರು ನಗಲಿ, ಚಂಬಣ್ಣನ ಲೆಕ್ಕ ಸುಳ್ಳಾಗಲಿಲ್ಲ. ಬೆಟಗೇರಿಯ ಮನೆಯಲ್ಲಿ ನಾವು ಗೋಡೆಯ ಮೊಳೆಗೆ ತೂಗಿಕೊಂಡಿರುತ್ತಿದ್ದೆವು. ವಾರ ಮುಗಿಯುವಷ್ಟರಲ್ಲಿ ಚೀಲ ಮೊಳೆಯಿಂದ ಇಳಿಯುತ್ತಿತ್ತು. "ಹೊಂಟ್ತು ನೋಡ್ರಿ ದಂಡು!" ಎಂದು ದ್ರಾಕ್ಷಾಯಣಿಯ ಅತ್ತೆ ಚೇಷ್ಟೆ ಮಾಡುತ್ತಿದ್ದಳು. ನಾವು ಒಳಗೆ ಕಟಕಟ ಸದ್ದು ಮಾಡುತ್ತ ಗದಗಿಗೆ ನಡೆಯುತ್ತಿದ್ದೆವು.

ಚಂಬಣ್ಣ ಒಂದು ಬೇಸಿಗೆಯಲ್ಲಿ ತನ್ನ ಮಂಚದ ಮೇಲೆ ಮಲಗಿದಲ್ಲೇ ಹೋಗಿಬಿಟ್ಟ. ನನ್ನನ್ನು ಅಷ್ಟು ಧಾರಾಳವಾಗಿ ಕೊಡುವ ಕೈ ಮತ್ತೆ ಸಿಗಲಿಲ್ಲ. ಅವನನ್ನು ನೆನೆದರೆ ಇಂದಿಗೂ ನನಗೆ ದುಃಖವಾಗುತ್ತದೆ.

ಕಾರ್ಯಗಳೆಲ್ಲ ಮುಗಿದ ಮೇಲೆ ದ್ರಾಕ್ಷಾಯಣಿ ಮೊದಲ ಸಲ ಆಟಕ್ಕೆಂದು ಬಂದಳು. ಬಂದವಳು ಪಡಸಾಲೆಯಲ್ಲೇ ನಿಂತಳು. ಅಪ್ಪನ ಮಂಚವಿದ್ದ ಜಾಗದಲ್ಲಿ ಹೊಸ ಕುರ್ಚಿಗಳಿದ್ದವು.

"ಮಂಚ ಎಲ್ಲೈತ್ರಿ ವೈನಿ?"

"ತಗಣಿ ಆಗಿದ್ವು. ಹಿತ್ತಲಾಗ ಬಿಸಲಿಗೆ ಹಾಕೇವಿ" ಎಂದಳು ಮಹಾನಂದಾ, ಬೇಳೆಯ ಮೊರ ಹಿಡಿದು ಕೂರುತ್ತ. ಅದು ನಿಜವೇ ಆಗಿತ್ತು, ಮಂಚದ ತುಂಬ ತಿಗಣೆ. ಆದರೆ ಅಪ್ಪನಿಲ್ಲದ ಮನೆಗೆ ಬಂದ ಮಗಳಿಗೆ ನಿಜವೂ ಚುಚ್ಚುತ್ತದೆ.

ಅವಳು ಅಂದು ಆಡಿದ್ದು ಆಟವಲ್ಲ, ಜಗಳ. ಸಿಟ್ಟಿನಲ್ಲಿ ನನ್ನನ್ನು ಓಡಿಸಿಕೊಂಡು ಹೋಗಿ ಕರಿಯರ ಮೂಲೆಯಲ್ಲಿದ್ದ ಒಂಟಿ ಪ್ಯಾದೆಯನ್ನು ತಿನ್ನಿಸಿದಳು. ಆ ಪ್ಯಾದೆಯನ್ನು ಯಾರೂ ಕಾಯುತ್ತಿರಲಿಲ್ಲ. ಮಹಾನಂದಾ ಕಾಯದೆ ಬಿಟ್ಟಿದ್ದಾಳೆಂದರೆ ಅನುಮಾನ ಪಡಬೇಕಿತ್ತು. ಅವಳು ಕುದುರೆಯೊಂದನ್ನು ಎತ್ತಿ ನನ್ನ ಬೆನ್ನ ಹಿಂದೆ ಇಟ್ಟಳು. ಅದು ನನ್ನ ಮೇಲೆ ಬರಲಿಲ್ಲ, ಮರಳುವ ದಾರಿಗೆ ಅಡ್ಡ ನಿಂತಿತು ಅಷ್ಟೆ. ದ್ರಾಕ್ಷಾಯಣಿ ಅದನ್ನು ಗಮನಿಸಲಿಲ್ಲ. ಆಮೇಲೆ ಆನೆ ಸರಿದು ಬಂತು.

"ಮಂತ್ರಿ ಜ್ವಾಕಿ" ಎಂದಳು ಮಹಾನಂದಾ.

ದ್ರಾಕ್ಷಾಯಣಿ ನನ್ನ ರುಮಾಲಿನ ಮೇಲೆ ಬೆರಳಿಟ್ಟುಕೊಂಡು ಹುಡುಕಿದಳು. ಅಲ್ಲಿ ಹೋದರೆ ಒಂಟೆ, ಇಲ್ಲಿ ಬಂದರೆ ಪ್ಯಾದೆ. ಮತ್ತೆ ಮತ್ತೆ ಹುಡುಕಿದಳು. ಮಹಾನಂದಾ ಬೇಳೆಯಲ್ಲಿ ಕಲ್ಲು ಆರಿಸುತ್ತ, ತಲೆಯೆತ್ತದೆ, ನಗುತ್ತ ಅಂದಳು: "ಎಷ್ಟ ಹುಡುಕ್ತಿ ದ್ರಾಕ್ಷಾಯಣಿ? ಇಲ್ಲಿ ನಿನಗ ಮನಿ ಉಳದಿಲ್ಲ."

ಹಲಗೆಯ ಚೌಕಕ್ಕೆ ಮನೆ ಎನ್ನುವುದು ಆಡುವವರ ಮಾತು. ನನಗೆ ಹೋಗಲು ಮನೆಯಿಲ್ಲ ಎಂದು ಅವಳು ಹೇಳಿದ್ದು. ಆ ಇಬ್ಬರ ನಡುವೆ ಎಷ್ಟೋ ಸಲ ಬಂದುಹೋದ ಮಾತು ಅದು. ಆದರೆ ದ್ರಾಕ್ಷಾಯಣಿಯ ಕಣ್ಣು ಆಗ ಹಲಗೆಯ ಮೇಲಿರಲಿಲ್ಲ, ಮಂಚವಿದ್ದ ಜಾಗದ ಮೇಲಿತ್ತು. ಯಾವುದೋ ಪ್ಯಾದೆಯನ್ನು ಸುಮ್ಮನೆ ದೂಡಿದಳು. ಕರಿ ಆನೆ ಬಂದು ನನ್ನನ್ನು ಹೊಡೆಯಿತು, ನಾನು ಮಹಾನಂದಾಳ ಮುಷ್ಟಿ ಸೇರಿದೆ.

"ಹೌದ್ರಿ ವೈನಿ, ಉಳದಿಲ್ಲ. ಅಪ್ಪ ಹೋದಾಗನ ನಾ ತಿಳಕೋಬ್ಯಾಕಿತ್ತು" ಎಂದಳು ದ್ರಾಕ್ಷಾಯಣಿ. ಉಳಿದ ಬಿಳಿಯರನ್ನು ಬಾಚಿ ಚೀಲಕ್ಕೆ ತುಂಬಿಕೊಂಡು ಎದ್ದಳು.

"ಅಯ್ಯ, ಒಂದ ಆಟಾ ಸೋತ್ರ ಇಷ್ಟ ಸಿಟ್ಟೇನ? ಚಾ ಆದ್ರೂ ಕುಡದು ಹೋಗ!" ಮಹಾನಂದಾ ನನ್ನನ್ನು ಹಿಡಿದುಕೊಂಡೇ ಬಾಗಿಲವರೆಗೆ ಬಂದಳು. ದ್ರಾಕ್ಷಾಯಣಿ ತಿರುಗಿ ನೋಡಲಿಲ್ಲ. ಕೂಗಿ ಹೇಳಲು ನನಗೆ ಬಾಯಿದ್ದರಲ್ಲವೇ!

ನನ್ನನ್ನು ಅಡುಗೆಮನೆಯ ಗೂಡಿನಲ್ಲಿ, ಸಾಸಿವೆ ಡಬ್ಬಿಯ ಪಕ್ಕದಲ್ಲಿ ಇಟ್ಟಳು. "ಮಂತ್ರಿ ಕೇಳಾಕರ ಬರ್ತಾಳ ಬಿಡು" ಎಂದು ಒಗ್ಗರಣೆ ಹಾಕುವಾಗಲೆಲ್ಲ ನನಗೇ ಹೇಳುತ್ತಿದ್ದಳು. ವಾರ ಬಂತು, ಹೋಯಿತು. ದ್ರಾಕ್ಷಾಯಣಿ ಬರಲಿಲ್ಲ. ಮಹಾನಂದಾ ಒಗ್ಗರಣೆ ಹಾಕುವಾಗ ನನ್ನ ಕಡೆ ನೋಡುವುದನ್ನೂ ಬಿಟ್ಟಳು. ಮಧ್ಯಾಹ್ನ ಆರಿಸಿದ ಬೇಳೆಯನ್ನೇ ಮತ್ತೆ ಮೊರಕ್ಕೆ ಸುರಿದುಕೊಂಡು ಕೂರುತ್ತಿದ್ದಳು.

ನಾಗರಪಂಚಮಿ ಬಂತು. ಮದುವೆಯಾದ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ. ಮಹಾನಂದಾ ಶೇಂಗಾ ಉಂಡಿ ಕಟ್ಟುತ್ತ ಕೂತು ನಾದಿನಿಯನ್ನು ಕರೆತರಲು ಗಂಡನನ್ನು ಕಳಿಸಿದಳು. ಸಂಗಣ್ಣ ಒಬ್ಬನೇ ಮರಳಿ ಬಂದ.

"ಬರೂದಿಲ್ಲಂತ. 'ಇಲ್ಲಿ ನಿನಗ ಮನಿ ಉಳದಿಲ್ಲ ಅಂತ ವೈನಿನ ಅಂದಾರ, ಮತ್ತ ಯಾವ ಮನಿಗೆ ಬರ್ಲಿ ಅಣ್ಣಾ?' ಅಂತ ಅತ್ತಳು. ಹಂಗಂದಿಯೇನ ನೀ?"

ಮಹಾನಂದಾಳ ಕೈಯಲ್ಲಿದ್ದ ಉಂಡಿ ಪುಡಿಯಾಯಿತು. "ಅಯ್ಯ ನನ್ನ ಶಿವನ! ನಾ ಅಂದಿದ್ದು ಇವಗರೀ!" ಎಂದು ನನ್ನ ಕಡೆ ಬೆರಳು ತೋರಿಸಿದಳು. "ಇವಗ ಮನಿ ಇಲ್ಲ ಅಂದೆ. ಆಕಿಗ್ಯಾಕ ಹಂಗ ಅನ್ನಲಿ ನಾನು? ಈ ಮನ್ಯಾಗ ನನ್ನ ಬಾಯಿ ಬಿಡಿಸಿದಾಕಿನ ಆಕಿ!"

"ಕಟ್ಟಿಗಿಗೆ ಎಲ್ಲಿ ಮನಿ?" ಎಂದ ಸಂಗಣ್ಣ. ಪಾಪ, ಆಟ ಬಾರದವನು. ಆದರೂ ಒಳ್ಳೆಯ ಮನಸ್ಸಿನಿಂದ ನನ್ನನ್ನು ಎತ್ತಿಕೊಂಡ. "ತಾ, ಇದನ್ನ ಒಯ್ದು ಕೊಟ್ಟು, ಹಿಂಗಿಂಗ ಆಗೈತಿ ಅಂತ ಹೇಳಿ ಬರ್ತೇನಿ."

"ಬ್ಯಾಡ್ರಿ!" ಮಹಾನಂದಾ ನನ್ನನ್ನು ಕಸಿದುಕೊಂಡಳು. "ಇವನ್ನ ಕೊಟ್ರ ಆಕೀ ಕಾಯಿ ಆಕಿಗೆ ಮುಟ್ಟಿದ್ವು, ಋಣ ಹರೀತು. ಆಮ್ಯಾಲ ಈ ಹೊಸ್ತಲಾ ತುಳಿಯಾಕ ಆಕಿಗೇನ ನೆವ ಉಳೀತು? ಮ್ಯಾಲ ಬಾಯಿಮಾತು ಬ್ಯಾರೆ. ಒಂದ ಮಾತು ಹಿಂಗ ತಿರುಗಿ ನಿಂತೈತಿ, ಇನ್ನೊಂದು ಹೆಂಗ ನಿಲ್ತೈತೋ."

ನನ್ನನ್ನು ಕಳಿಸುವಂತಿಲ್ಲ, ಇಟ್ಟುಕೊಳ್ಳುವಂತಿಲ್ಲ. ಊರ ಮಂತ್ರಿಗಳಿಗೆಲ್ಲ ಬಲೆ ಹಾಕಿದವಳು ತಾನೇ ಬಲೆಯಲ್ಲಿ ಕೂತಿದ್ದಳು. ಉಂಡಿಯ ಪರಾತ ಬದಿಗೆ ಸರಿಸಿ ಹಲಗೆ ತಂದು ಕರಿಯರನ್ನು ಸಾಲಾಗಿ ನಿಲ್ಲಿಸಿದಳು. ಎದುರಿನ ಸಾಲು ಬರಿದಾಗಿತ್ತು. ತುಂಬ ಹೊತ್ತು ನೋಡಿದಳು. ಆಮೇಲೆ ಹುಟ್ಟಿದಾಗಿನಿಂದ ಮಾಡದಿದ್ದ ಕೆಲಸ ಮಾಡಿದಳು: ತನ್ನ ಕರಿ ಮಂತ್ರಿಯನ್ನು ಎತ್ತಿ ಗಂಡನ ಅಂಗೈಯಲ್ಲಿ ಇಟ್ಟಳು.

"ಇದನ್ನ ಒಯ್ರಿ."

"ಏ, ಇದು ಕರೀದು! ಆಕೀದು ಬಿಳೀದಲ್ಲ? ನನಗ ಆಟಾ ಬರೂದಿಲ್ಲ ಖರೆ, ಬಣ್ಣ ತಿಳೀತೈತಿ."

"ಕರೀದನ್ನ ಒಯ್ರಿ. 'ವೈನಿ ತಮ್ಮ ಮಂತ್ರಿನ್ನ ಕೊಟ್ಟಾರ, ಇವಗ ನಿನ್ನ ಕಡೆ ಒಂದ ಮನಿ ಕೊಡಬೇಕಂತ.' ಇಷ್ಟ ಹೇಳ್ರಿ. ಹೆಚ್ಚಿಗಿ ಒಂದ ಮಾತೂ ಬ್ಯಾಡ."

ಸಂಗಣ್ಣ ಆ ಮಾತನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡುತ್ತ ಹೊರಟ. ಕರಿ ಮಂತ್ರಿ ನನ್ನ ಹುಟ್ಟು ವೈರಿ. ಆದರೂ ಅವನು ಆ ಅಂಗಿಯ ಕಿಸೆಯಲ್ಲಿ ಮುಳುಗಿ ಹೋದಾಗ ನನಗೆ ಹೆದರಿಕೆಯಾಯಿತು. ಕೊಟ್ಟದ್ದು ದಕ್ಕದೇ ಹೋದರೆ? ನನ್ನನ್ನು ಕೊಟ್ಟೂ ಸೋತ ಆಟಗಳನ್ನು ನಾನು ಕಂಡಿದ್ದೆ.

ಹಬ್ಬದ ದಿನ ದ್ರಾಕ್ಷಾಯಣಿ ಬರಲಿಲ್ಲ. ಮರುದಿನವೂ ಬರಲಿಲ್ಲ. ಮಹಾನಂದಾ ಉಂಡಿಯ ಡಬ್ಬಿ ಮುಚ್ಚಿಟ್ಟಳು, ತಾನೂ ತಿನ್ನಲಿಲ್ಲ. ಹಬ್ಬದ ಗದ್ದಲವೆಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ಬಾಗಿಲಲ್ಲಿ ಕಟಕಟ ಸದ್ದಾಯಿತು. ಆ ಸದ್ದು ನನಗೆ ಗೊತ್ತಿಲ್ಲವೇ, ಅದು ನಮ್ಮ ದಂಡು!

"ವೈನಿ, ಒಳಗ ಬರ್ಲೇನ್ರಿ?"

ಹಿಂದೆಂದೂ ಅವಳು ಹಾಗೆ ಕೇಳಿದವಳಲ್ಲ. ಮಹಾನಂದಾ ಗೂಡಿನಿಂದ ನನ್ನನ್ನು ತೆಗೆದುಕೊಂಡು ಹೋಗಿ ಹಲಗೆ ಹಾಸಿದಳು. ಇಬ್ಬರೂ ಕಾಯಿ ಹೂಡಿದರು. ಬಿಳಿಯರ ಸಾಲಿನಲ್ಲಿ ಒಂದು ಮನೆ ಖಾಲಿ, ಕರಿಯರ ಸಾಲಿನಲ್ಲಿ ಒಂದು ಮನೆ ಖಾಲಿ. ದ್ರಾಕ್ಷಾಯಣಿ ನನಗಾಗಿ ಕೈ ಚಾಚಿದಳು. ಮಹಾನಂದಾ ಆ ಕೈ ದಾಟಿಸಿ ನನ್ನನ್ನು ಕರಿ ರಾಜನ ಮಗ್ಗುಲಿಗೆ ಇಟ್ಟಳು.

"ನಾ ಅಂದಿದ್ದು ಇವಗ ದ್ರಾಕ್ಷಾಯಣಿ. ಈಗ ಇವಗ ನನ್ನ ಕಡೆ ಮನಿ ಕೊಟ್ಟೇನಿ, ನೋಡು" ಎಂದಳು. "ನಾನೂ ಬ್ಯಾರೆ ಮನಿಯಿಂದ ಬಂದಾಕಿನ. ಬಂದಲ್ಲೆ ನಿಂತು ಬಾಳೇ ಮಾಡಿಲ್ಲೇನು? ಇವನೂ ಮಾಡ್ತಾನ."

ದ್ರಾಕ್ಷಾಯಣಿಯ ಕಣ್ಣು ತುಂಬಿ ಬಂತು. ಸೊಂಟದಿಂದ ಕರಿ ಮಂತ್ರಿಯನ್ನು ತೆಗೆದು ಬಿಳಿ ರಾಜನ ಪಕ್ಕಕ್ಕೆ ಇಟ್ಟಳು. "ಹೆಣ್ಣ ಕೊಟ್ಟು ಹೆಣ್ಣ ತಂದಂಗ ಆತಲ್ರಿ ವೈನಿ" ಎಂದಳು, ಮೂಗು ಒರೆಸಿಕೊಳ್ಳುತ್ತ.

"ಮಂಚ ಒಳಗ ಬಂದೈತಿ ನೋಡು."

"ತಗಣಿ?"

"ಅವೂ ಬಂದಾವ!"

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅಂದಿನ ಆಟದಲ್ಲಿ ನನ್ನನ್ನು ಹೊಡೆದದ್ದು ನನ್ನದೇ ಹಳೆಯ ಬಿಳಿ ಕುದುರೆ. ಹೊಡೆಯುವಾಗ ಅದಕ್ಕೂ ಒಂದಿಷ್ಟು ಸಂಕೋಚವಾಗಿರಬೇಕು.

ಹೀಗೆ ನಾನು ಕರಿಯರ ಮಂತ್ರಿಯಾದೆ. ಆಟ ಮತ್ತೆ ನಡೆಯಿತು, ವಾರಗಳು ಮರಳಿ ಬಂದವು. ಆದರೆ ಆಡಿದ ಮಾತು ಪೂರ್ತಿ ಹೋಗಿರಲಿಲ್ಲ. ದ್ರಾಕ್ಷಾಯಣಿ ಬಂದಾಗಲೆಲ್ಲ ಹೊಸ್ತಿಲಲ್ಲಿ ಕೇಳಿಯೇ ಒಳಗೆ ಬರುತ್ತಿದ್ದಳು. ನೀರು ಬೇಕಾದರೂ "ನೀರ ತಗೊಳ್ಲೇನ್ರಿ?" ಎನ್ನುತ್ತಿದ್ದಳು. ಹೋಗುವಾಗ ಬಿಳಿಯರನ್ನು ತಪ್ಪದೆ ಚೀಲಕ್ಕೆ ತುಂಬಿಕೊಳ್ಳುತ್ತಿದ್ದಳು. ಮಹಾನಂದಾ ಅದನ್ನು ನೋಡುತ್ತಿದ್ದಳು. ಕಾಯುವುದು ಅವಳಿಗೆ ಬರುತ್ತಿತ್ತು.

ಈಗ ನನಗೆ ವಯಸ್ಸಾಗಿದೆ. ಅರಗು ಉದುರಿ ತೊಟ್ಟಿಲಿನ ಮರ ಕಾಣುತ್ತಿದೆ. "ಅಜ್ಜಿ, ಈ ರಾಣಿ ಯಾಕ ಪಟಕಾ ಸುತ್ತ್ಯಾಳ?" ಎಂದು ಮೊಮ್ಮಕ್ಕಳು ಕೇಳುತ್ತಾರೆ. ಸತ್ತು ಸತ್ತು ನನಗೆ ಒಂದು ವಿಷಯ ತಿಳಿದಿದೆ. ಹಲಗೆಯ ಮೇಲೆ ನಾನು ಓಡಾಡಿ ಗಳಿಸಿಕೊಟ್ಟದ್ದನ್ನು ಯಾರೂ ನೆನಪಿಟ್ಟಿಲ್ಲ, ನನ್ನನ್ನು ಕೊಟ್ಟದ್ದನ್ನು ಎಲ್ಲರೂ ನೆನೆಯುತ್ತಾರೆ. ಅದಕ್ಕೆ ನನಗೆ ಬೇಸರವಿಲ್ಲ.

ಮೊನ್ನೆ ಮಧ್ಯಾಹ್ನ ಇಬ್ಬರು ಮುದುಕಿಯರೂ ಆಡುತ್ತ ಕೂತಿದ್ದರು. ಮಹಾನಂದಾ ಚಹಕ್ಕೆಂದು ಏಳಲು ಹೋಗಿ ಮೊಣಕಾಲು ಹಿಡಿದುಕೊಂಡಳು. "ಕೂಡ್ರಿ ನೀವು" ಎಂದು ಗದರಿಸಿ ದ್ರಾಕ್ಷಾಯಣಿ ಎದ್ದಳು. ಕೇಳಲಿಲ್ಲ, ನೇರ ಅಡುಗೆಮನೆಗೆ ಹೋದಳು. ಒಳಗಿನಿಂದ ಡಬ್ಬಿಗಳ ಸದ್ದು ಬಂತು, ಅದರ ಹಿಂದೆ ಬೈಗುಳವೂ ಬಂತು. "ಮೊಣಕಾಲ ನೋವಿಟ್ಟುಕೊಂಡು ಚಾಪುಡಿ ಅಷ್ಟ ಮ್ಯಾಲ ಯಾಕ ಇಡ್ತೀರಿ ವೈನಿ? ಎಲ್ಲಾ ಕೆಳಗ ಇಳಿಸಿ ಇಟ್ಟೇನಿ ನೋಡ್ರಿ!" ಮಹಾನಂದಾ ನನ್ನನ್ನು ಕೈಯಲ್ಲಿ ಹಿಡಿದುಕೊಂಡು ಆ ಬೈಗುಳ ಕೇಳುತ್ತ ಕೂತಳು.

ಚಹ ಕುಡಿದು, ಆಟ ಮುಗಿಸಿ, ದ್ರಾಕ್ಷಾಯಣಿ ಸೆರಗು ಹೊದ್ದು ಹೊರಟಳು. ಸಂಜೆ ಸಂಗಣ್ಣ ಪಡಸಾಲೆಗೆ ಬಂದವನು ಹಲಗೆಯ ಮೇಲೆ ಬಿಳಿ ಕಾಯಿಗಳನ್ನೂ ಪಕ್ಕದಲ್ಲಿ ಬರಿದಾದ ಚೀಲವನ್ನೂ ಕಂಡ.

"ಏ, ಆಕಿ ಮರತು ಹೋಗ್ಯಾಳಲ್ಲ! ನನ್ನ ಚಪ್ಪಲ ಎಲ್ಲಿ? ಓಡಿಹೋಗಿ ಕೊಟ್ಟು ಬರ್ತೇನಿ."

"ಕೂಡ್ರಿ ಸುಮ್ನ" ಎಂದಳು ಮಹಾನಂದಾ. ಅವಳ ಮುಖದಲ್ಲಿ ಅಂಥ ಬೆಳಕನ್ನು ನಾನು ಕಂಡಿರಲಿಲ್ಲ. "ಮರತಿಲ್ಲ ಆಕಿ. ತನ್ನ ಮನ್ಯಾಗ ಇಟ್ಟು ಹೋಗ್ಯಾಳ."